ಅರ್ಜಿಯೊಡನೆ ಹೋಗುವ ಕಡತ

ಚಿತ್ರಕಲೆಯನ್ನು ಓದಬಯಸುವವನು ತಾನು ಬರೆದ ಚಿತ್ರಗಳನ್ನು ಕಾಲೇಜಿನವರಿಗೆ ತೋರಿಸುವುದು ಸಹಜ. ಎಂಜಿನಿಯರಿಂಗನ್ನೋ ರಸಾಯನಶಾಸ್ತ್ರವನ್ನೋ ವಾಣಿಜ್ಯವನ್ನೋ ಓದಬಯಸುವವನು ಅದೇ ಚಿತ್ರಗಳನ್ನು, ತಾನು ಕಟ್ಟಿದ ಪದ್ಯವನ್ನು, ಹಾಡಿದ ಹಾಡನ್ನು, ಹೆಣೆದ ಕಸೂತಿಯನ್ನು ಪ್ರವೇಶದ ಅರ್ಜಿಯೊಡನೆ ಏಕೆ ಕಳುಹಿಸಬೇಕು? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಯಾರೂ ಕೇಳುತ್ತಿರಲಿಲ್ಲ. ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಹೊರಟು ಪುಣೆ, ಬೆಂಗಳೂರು, ಅಮೆರಿಕಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಸಲುವಾಗಿ ಕೇಳುತ್ತಿದ್ದಾರೆ. ಊರಿನಲ್ಲಿಯೇ ಇದ್ದು ಮಕ್ಕಳನ್ನು ಓದಿಸುತ್ತಿರುವ ಪಾಲಕರೂ ಅವರಿಂದ ಕೇಳಿ ತಿಳಿದು, ‘ಇದು ನಮ್ಮ ಮಕ್ಕಳಿಗೂ ಉಪಯೋಗವಾಗುವುದೆ?’ ಎಂದು ಶಿಕ್ಷಕರನ್ನು ವಿಚಾರಿಸುತ್ತಿದ್ದಾರೆ. ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮೂವರೂ ಓದುವ ಈ ಸಂಪುಟದಲ್ಲಿ ಆ ವಿಷಯವನ್ನು ಕುರಿತು ನನ್ನ ಅಭಿಪ್ರಾಯವನ್ನು ನಿವೇದಿಸಿಕೊಳ್ಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಇಂಗ್ಲಿಷರು ಪೋರ್ಟ್‌ಫೋಲಿಯೊ ಎನ್ನುವುದನ್ನು ನಾವು ಕೃತಿಸಂಪುಟವೆಂದು ಕರೆಯಬಹುದು. ನಾನು ಸರಳವಾಗಿ ಕಡತವೆಂದೇ ಕರೆಯುತ್ತೇನೆ. ವಿದ್ಯಾರ್ಥಿಯು ತನ್ನ ಕೈಯಿಂದ, ತನ್ನ ಬುದ್ಧಿಯಿಂದ ಮಾಡಿದ ಕೆಲಸಗಳಲ್ಲಿ ಆಯ್ದ ಕೆಲವನ್ನು ಒಟ್ಟುಗೂಡಿಸಿಟ್ಟದ್ದು ಕಡತ. ಅದು ಪ್ರಶಸ್ತಿಪತ್ರಗಳ ಕಟ್ಟಲ್ಲ. ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಹೇಳಲು ಕಾರಣವಿದೆ. ನಮ್ಮ ದೇಶದಲ್ಲಿ ಈ ವಿಷಯ ಬಂದಾಗಲೆಲ್ಲ ಕೃತಿಯ ಜಾಗದಲ್ಲಿ ಪ್ರಮಾಣಪತ್ರ ಬಂದು ಕುಳಿತಿದೆ. ಮುಂದೆ ಹೇಳುವುದೆಲ್ಲ ಬಹುಮಟ್ಟಿಗೆ ಅದರ ಕಥೆಯೇ.

ಅಮೆರಿಕದ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಲ್ಲಿಯ ಹೆಸರಾಂತ ಎಂ.ಐ.ಟಿ. ತಾಂತ್ರಿಕ ಸಂಸ್ಥೆಯು, ಅರ್ಜಿದಾರನು ಯಾವ ವಿಷಯವನ್ನೇ ಓದಬಯಸಲಿ, ಇಷ್ಟವಿದ್ದರೆ ತನ್ನ ಚಿತ್ರ, ಸಂಗೀತ, ನಾಟ್ಯ ಅಥವಾ ಸ್ವತಃ ತಯಾರಿಸಿದ ವಸ್ತುವಿನ ವಿವರವನ್ನು ಪ್ರತ್ಯೇಕವಾಗಿ ಕಳುಹಿಸಲು ಅವಕಾಶ ಕೊಡುತ್ತದೆ. ಆ ದೇಶದ ಇನ್ನೂ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಥ ಅವಕಾಶವುಂಟು. ಅದು ಐಚ್ಛಿಕ, ಕಳುಹಿಸದವನಿಗೆ ನಷ್ಟವಿಲ್ಲ. ಕಳುಹಿಸಿದ ಕೆಲಸ ಸಾಧಾರಣವಾಗಿದ್ದರೆ ಲಾಭವೂ ಇಲ್ಲ. ಭೌತಶಾಸ್ತ್ರಕ್ಕೆ ಬರುವ ಹುಡುಗ ಪಿಟೀಲು ನುಡಿಸಿದರೆ ಅವನ ಭೌತಶಾಸ್ತ್ರ ಹೆಚ್ಚುವುದೆಂದು ಅವರು ನಂಬಿಲ್ಲ. ಅಂಕಗಳಲ್ಲಿ ಸಮಸಮನಾಗಿ ನಿಂತ ಸಾವಿರಾರು ಜನರಲ್ಲಿ, ಯಾರೂ ಒತ್ತಾಯಿಸದೆ ಒಂದು ಕೆಲಸಕ್ಕೆ ವರ್ಷಗಟ್ಟಲೆ ಮನಸ್ಸು ಕೊಟ್ಟವರು ಯಾರೆಂಬುದನ್ನು ಅವರು ಅರಿಯಬಯಸುತ್ತಾರೆ.

ಇದು ನಮಗೆ ಪೂರ್ತಿ ಹೊಸದೆಂದು ಹೇಳುವವರು ನಮ್ಮದೇ ರಾಜ್ಯದ ಇತಿಹಾಸವನ್ನು ಮರೆತಿದ್ದಾರೆ. ನಮ್ಮ ನಾಲ್ಕೂ ಊರುಗಳು ೧೯೫೬ರ ಏಕೀಕರಣದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದವಷ್ಟೆ. ೧೯೬೩ರಲ್ಲಿ ಆ ರಾಜ್ಯದ ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಆಯ್ಕೆಗೆ ಒಂದು ಕ್ರಮವನ್ನು ಗೊತ್ತುಪಡಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ ೨೫ರಷ್ಟನ್ನು ಸಂದರ್ಶನಕ್ಕೆ ಇಡತಕ್ಕದ್ದು. ಆ ಅಂಕಗಳನ್ನು ಕೊಡುವಾಗ ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ. ಮೊದಲಾದುವುಗಳ ಜೊತೆಗೆ ಕ್ರೀಡೆ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವುಗಳನ್ನೂ ಗಣಿಸತಕ್ಕದ್ದು ಎಂದು ಆಜ್ಞೆ ಹೊರಟಿತು. ವೈದ್ಯನಾಗಬಯಸುವವನು ನಾಟಕದಲ್ಲಿ ಪಾತ್ರ ಮಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸರ್ಕಾರವೇ ಹೇಳಿದ ಕಾಲವೊಂದು ನಮ್ಮಲ್ಲಿತ್ತು! ಸೀಟು ದೊರೆಯದ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಚಿತ್ರಲೇಖಾ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೪ರ ಜನವರಿಯಲ್ಲಿ ಬಹುಮತದಿಂದ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಬಹುಮತದೊಡನೆ ಹೋಗದೆ ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಮುಧೋಳ್ಕರರು. (ಅವರ ಮನೆತನದ ವಿಚಾರಕ್ಕೆ ನಾನು ಹೋಗುವುದಿಲ್ಲ, ಹೆಸರನ್ನು ಓದಿದಾಗ ಮುಧೋಳದ ಮಂದಿಗೆ ಒಂದು ಕ್ಷಣ ಕುತೂಹಲವಾದರೆ ಅದು ಸಹಜ.)

ಕಾನೂನು ಒಪ್ಪಿದರೂ ಜನ ಒಪ್ಪಲಿಲ್ಲ. ಸಂದರ್ಶನವೆಂದರೆ ವಶೀಲಿ ಎಂಬ ಮಾತು ಮನೆಮನೆಯಲ್ಲಿ ನಿಂತಿತು. ಅದು ಬರಿಯ ಅನುಮಾನವೂ ಆಗಿರಲಿಲ್ಲ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಬಗ್ಗೆ ನಡೆದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಲಿಖಿತ ಪರೀಕ್ಷೆಗೆ ೧೦೦ ಅಂಕಗಳಿದ್ದರೆ ಸಂದರ್ಶನಕ್ಕೆ ೫೦ ಇದ್ದುವು. ಒಬ್ಬೊಬ್ಬರಿಗೆ ದೊರೆತ ಸಮಯ ಎರಡು-ಮೂರು ನಿಮಿಷ. ತಂದೆ ಯಾರು, ಮನೆ ಎಲ್ಲಿ ಎಂಬ ಬಗೆಯ ಪ್ರಶ್ನೆಗಳಲ್ಲೇ ಆ ನಿಮಿಷಗಳು ಕಳೆದವೆಂಬುದು ವಿದ್ಯಾರ್ಥಿಗಳ ದೂರು. ೧೯೮೦ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಶೇಕಡಾ ೧೫ಕ್ಕಿಂತ ಹೆಚ್ಚು ಅಂಕಗಳನ್ನಿಡುವುದು ಸ್ವೇಚ್ಛಾಚಾರವೆಂದಿತು. ಮುಂದೆ ಕರ್ನಾಟಕದಲ್ಲಿ ೧೯೮೪ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಶಾಸನ ಬಂದಿತು. ೧೯೯೩ರ ಉನ್ನಿಕೃಷ್ಣನ್ ತೀರ್ಪಿನ ಬಳಿಕ ೧೯೯೪ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆ ರೂಪುಗೊಂಡಿತು. ಅಂದಿನಿಂದ ನಮ್ಮ ರೈತನ, ನೇಕಾರನ ಮಗ ಯಾರ ಮನೆಯ ಬಾಗಿಲನ್ನೂ ಕಾಯದೆ ತನ್ನ ಶ್ರೇಯಾಂಕದ ಬಲದಿಂದಲೇ ಸೀಟು ಪಡೆಯುವಂತಾಯಿತು. ಈ ನ್ಯಾಯವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಕಡತದ ಹೆಸರಿನಲ್ಲಿ ಮತ್ತೆ ಆ ಎರಡು-ಮೂರು ನಿಮಿಷಗಳ ಸಂದರ್ಶನಕ್ಕೆ ಬಾಗಿಲು ತೆರೆಯುವುದಾದರೆ ಅದನ್ನು ಮೊದಲು ವಿರೋಧಿಸುವವನು ನಾನೇ.

ಆದರೆ ೧೯೬೩ರ ಕ್ರಮ ಸೋತದ್ದು ಏಕೆಂಬುದನ್ನು ವಿವೇಚಿಸಬೇಕು. ನಾಟಕವನ್ನು ಗಣಿಸಬೇಕೆಂದು ಆಜ್ಞೆಯಲ್ಲಿತ್ತು; ನಾಟಕವನ್ನು ನೋಡಬೇಕೆಂದಿರಲಿಲ್ಲ. ಅಧಿಕಾರಿಗಳು ಕಂಡದ್ದು ಮೇಜಿನೆದುರು ಕುಳಿತ ಹುಡುಗನ ಅಂಗಿ, ಇಂಗ್ಲಿಷು ಮತ್ತು ಅವನು ತಂದ ಪತ್ರಗಳನ್ನು. ಕೆಲಸವನ್ನು ನೋಡದೆ ಕೆಲಸಗಾರನನ್ನು ತೂಗಹೊರಟಾಗ ತಕ್ಕಡಿ ಹೇಗೆ ತಾನೆ ಸರಿ ನಿಂತೀತು?

ಇಂದಿನ ಸ್ಥಿತಿ ಹೀಗಿದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ದ್ವಿತೀಯ ಪಿ.ಯು.ಸಿ.ಯ ಅಂಕಗಳರ್ಧ, ಸಿ.ಇ.ಟಿ.ಯ ಅಂಕಗಳರ್ಧ. ಕ್ರೀಡಾಪಟುಗಳಿಗೆ, ಎನ್.ಸಿ.ಸಿ.ಯವರಿಗೆ, ಸ್ಕೌಟು-ಗೈಡುಗಳಿಗೆ ವಿಶೇಷ ವರ್ಗದಲ್ಲಿ ಕೆಲವು ಸೀಟುಗಳುಂಟು. ಓಡುವ ಕಾಲಿಗೆ ಸೀಟುಂಟು, ಬರೆಯುವ ಕೈಗಿಲ್ಲ. ಆದ್ದರಿಂದ ಪಾಲಕರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೆಂದರೆ, ಸಿ.ಇ.ಟಿ.ಯ ಮೂಲಕ ಸರ್ಕಾರಿ ಸೀಟಿಗೆ ಹೋಗುವ ಮಗುವಿಗೆ ಕಡತದಿಂದ ಒಂದು ಅಂಕವೂ ಬರುವುದಿಲ್ಲ. ಬರುತ್ತದೆಂದು ಯಾರಾದರೂ ಹಣ ಕೇಳಿದರೆ ಕೊಡತಕ್ಕದ್ದಲ್ಲ.

ಹೀಗಿದ್ದೂ ಕೈಯ ಅರಿವನ್ನು ಪರೀಕ್ಷಿಸುವುದು ನಮ್ಮ ಸರ್ಕಾರಕ್ಕೆ ತಿಳಿಯದ ವಿದ್ಯೆಯಲ್ಲ. ಕೃಷಿ, ತೋಟಗಾರಿಕೆ ಮೊದಲಾದ ಪದವಿಗಳಿಗೆ ರೈತರ ಮಕ್ಕಳಿಗಾಗಿ ಇರುವ ಕೃಷಿಕರ ಕೋಟಾವನ್ನು ನಮ್ಮ ಓದುಗರೆಲ್ಲ ಬಲ್ಲರು. ಆ ಕೋಟಾದ ಮಕ್ಕಳಿಗೆ ಒಂದು ಪ್ರಾಯೋಗಿಕ ಪರೀಕ್ಷೆಯುಂಟು. ಮೇಜಿನ ಮೇಲೆ ಬೀಜ, ಗೊಬ್ಬರ, ಬೇಸಾಯದ ಸಲಕರಣೆ, ರೋಗ ಹಿಡಿದ ಎಲೆ ಇಟ್ಟಿರುತ್ತಾರೆ. ಮಗು ಗುರುತಿಸಿ ಹೇಳಬೇಕು. ಹೊಲದಲ್ಲಿ ಬೆಳೆದ ಮಗುವಿಗೆ ಅದು ಆಟ. ಪಹಣಿಪತ್ರವನ್ನಷ್ಟೇ ಹೊತ್ತು ಬಂದ ಪಟ್ಟಣದ ಮಗುವಿಗೆ ಕಷ್ಟ. ಪ್ರಮಾಣಪತ್ರಕ್ಕಿಂತ ಕಣ್ಣು-ಕೈಗಳನ್ನು ನಂಬಿದ ಪರೀಕ್ಷೆ ಅದು. ಅಲ್ಲಿ ಕೇಳುವ ವಿದ್ಯೆಗೂ ಓದುವ ವಿಷಯಕ್ಕೂ ನೇರ ಸಂಬಂಧವಿದೆಯಲ್ಲವೆ, ಚಿತ್ರಕ್ಕೂ ಎಂಜಿನಿಯರಿಂಗಿಗೂ ಅಂಥ ಸಂಬಂಧವೆಲ್ಲಿ ಎಂದು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದದ್ದೇ. ಅದಕ್ಕೆ ಉತ್ತರವನ್ನು ನಮ್ಮ ನೇಕಾರರ ಓಣಿಯಲ್ಲಿ ಹುಡುಕಬೇಕು.

ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿರಿ. ಅವಳು ಗಣಕವಿಜ್ಞಾನ ಓದಬೇಕೆಂದಿದ್ದಾಳೆ. ಚಿಕ್ಕಂದಿನಿಂದ ತಂದೆಯ ಪಕ್ಕದಲ್ಲಿ ಕುಳಿತು ಸೀರೆಯ ಅಂಚಿಗೆ, ಸೆರಗಿಗೆ ಗ್ರಾಫಿನ ಹಾಳೆಯಲ್ಲಿ ಹೂವು-ಬಳ್ಳಿ ಬಿಡಿಸುತ್ತ ಬಂದಿದ್ದಾಳೆ. ಗ್ರಾಫಿನ ಒಂದೊಂದು ಮನೆಯೂ ಹಾಸು-ಹೊಕ್ಕುಗಳ ಒಂದೊಂದು ಸಂಧಿ. ಎಲ್ಲಿ ಹಾಸಿನ ಎಳೆ ಮೇಲೇಳಬೇಕು, ಎಲ್ಲಿ ಕೆಳಗುಳಿಯಬೇಕು ಎಂಬುದನ್ನು ಆ ಹಾಳೆ ನಿರ್ಣಯಿಸುತ್ತದೆ. ಆಮೇಲೆ ಅದಕ್ಕೆ ತಕ್ಕಂತೆ ಜಕಾರ್ಡಿನ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ತೂತಿದ್ದಲ್ಲಿ ಕೊಕ್ಕೆಯೆದ್ದು ಎಳೆ ಏಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಏಳು, ಏಳಬೇಡ, ಹೌದು, ಅಲ್ಲ. ಗಣಕಯಂತ್ರದ ಸಮಸ್ತ ಭಾಷೆಯೂ ಈ ಎರಡು ಪದಗಳಿಂದಲೇ ಕಟ್ಟಿದ್ದು. ಇದು ನನ್ನ ಕವಿಕಲ್ಪನೆಯಲ್ಲ. ಫ್ರಾನ್ಸಿನ ಲಿಯೋನಿನಲ್ಲಿ ೧೮೦೪ರ ಸುಮಾರಿಗೆ ಜಕಾರ್ಡ್ ಎಂಬವನು ಸಿದ್ಧಪಡಿಸಿದ ಈ ಮಗ್ಗದ ಪಟ್ಟಿಗಳಿಂದಲೇ, ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡುವ ಉಪಾಯವನ್ನು ತೆಗೆದುಕೊಂಡನು. ಆ ಯಂತ್ರದ ಬಗ್ಗೆ ೧೮೪೩ರಲ್ಲಿ ಟಿಪ್ಪಣಿ ಬರೆದ ಏಡಾ ಲವ್ಲೇಸ್ ಕೂಡ ಮಗ್ಗದ ಹೋಲಿಕೆಯನ್ನೇ ಬಳಸಿದಳು. ನಮ್ಮ ಹುಡುಗಿ ಪಿ.ಯು.ಸಿ.ಯ ಪುಸ್ತಕದಲ್ಲಿ ದ್ವಿಮಾನ ಪದ್ಧತಿಯನ್ನು ಓದುವ ಎಷ್ಟೋ ವರ್ಷ ಮೊದಲೇ ಅದನ್ನು ಬೆರಳಿನಿಂದ ಬಲ್ಲಳು. ಅವಳ ಅಂಕಪಟ್ಟಿ ಈ ಸಂಗತಿಯನ್ನು ಹೇಳುವುದಿಲ್ಲ. ಅವಳು ಬಿಡಿಸಿದ ಹತ್ತು ಗ್ರಾಫಿನ ಹಾಳೆಗಳು ಹೇಳುತ್ತವೆ.

ಕಸೂತಿಯನ್ನು ನೋಡಿರಿ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ತೆರ ಕಾಣಬೇಕು. ಅಂದರೆ ದಾರವು ಪ್ರತಿ ಗೆರೆಯ ಮೇಲೂ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಹಾದು, ಹೊರಟಲ್ಲಿಗೇ ಮರಳಬೇಕು. ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಯಾವ ಆಕೃತಿಯಲ್ಲಾದರೂ ಪ್ರತಿ ಗೆರೆಯನ್ನು ಸರಿಯಾಗಿ ಎರಡು ಸಲ ಹಾದು ಮೊದಲಿನ ಬಿಂದುವಿಗೆ ಬರಬಹುದೆಂಬುದು ಗಣಿತದಲ್ಲಿ ಸಿದ್ಧವಾದ ಮಾತು. ೧೭೩೬ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಹುಟ್ಟಿದ ಶಾಸ್ತ್ರಕ್ಕೆ ಅದು ಸೇರಿದ್ದು. ಗೋಪುರವನ್ನೋ ತೊಟ್ಟಿಲನ್ನೋ ಆನೆಯ ಅಂಬಾರಿಯನ್ನೋ ಗವಂತಿಯಲ್ಲಿ ಹೊಲಿಯುವ ಹುಡುಗಿ, ಸೂಜಿ ಹಾಕುವ ಮೊದಲು ಆ ದಾರಿಯನ್ನು ಮನಸ್ಸಿನಲ್ಲಿ ಪೂರ್ತಿ ನಡೆದು ಬಂದಿರಬೇಕು. ಗಣಿತಕ್ಕೆ ಅರ್ಜಿ ಹಾಕುವವಳು ಆ ಬಟ್ಟೆಯ ಎರಡೂ ಮೈಯ ಛಾಯಾಚಿತ್ರ ತೆಗೆದು, ತಾನು ದಾರಿಯನ್ನು ಹೇಗೆ ಗೊತ್ತುಮಾಡಿಕೊಂಡೆನೆಂದು ಅರ್ಧ ಪುಟ ಬರೆದು ಕಳುಹಿಸಿದರೆ, ಓದುವ ಪ್ರಾಧ್ಯಾಪಕನು ಕಸೂತಿಯನ್ನು ಕಂಡವನಲ್ಲದಿದ್ದರೂ ಕುರ್ಚಿಯಲ್ಲಿ ನೆಟ್ಟಗೆ ಕುಳಿತಾನೆಂದು ನನ್ನ ನಂಬಿಕೆ.

ಎಲ್ಲವನ್ನೂ ಗಣಿತಕ್ಕೆ, ಯಂತ್ರಕ್ಕೆ ಗಂಟುಹಾಕಬೇಕೆಂದು ಇದರ ಅರ್ಥವಲ್ಲ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಎಷ್ಟೋ ಊರುಗಳ ಮನೆ-ಹೊಲಗಳನ್ನು ನುಂಗಿತು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಹಳೆಯ ಊರಿನ ಓಣಿ, ಗುಡಿ, ಬಾವಿಗಳನ್ನು ಅಜ್ಜನ ಬಾಯಿಂದ ಕೇಳಿ ನಕ್ಷೆ ಬರೆದ ಮಗು ನಾಳೆ ಸಿವಿಲ್ ಎಂಜಿನಿಯರಾದರೆ, ಒಂದು ಅಣೆಕಟ್ಟಿನ ನಕ್ಷೆಯಲ್ಲಿ ನೀಲಿ ಬಣ್ಣ ಬಳಿದ ಭಾಗದಲ್ಲಿ ಏನಿತ್ತೆಂಬುದನ್ನು ಬಲ್ಲ ಎಂಜಿನಿಯರಾಗುತ್ತಾನೆ. ಜಮಖಂಡಿ ಸೀಮೆಯ ರೈತರು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ತಮ್ಮ ಹಣ, ತಮ್ಮ ಶ್ರಮದಿಂದ ೧೯೮೯ರಲ್ಲಿ ಬ್ಯಾರೇಜು ಕಟ್ಟಿದ್ದು ನಾಡಿಗೇ ತಿಳಿದಿದೆ. ಅದರ ಒಂದು ಮಾದರಿಯನ್ನು ಮಣ್ಣು-ಹಲಗೆಗಳಲ್ಲಿ ಮಾಡಿ ನೀರು ಹರಿಸಿ ನೋಡಿದ ಹುಡುಗನ ಕೆಲಸವೂ ಕೃತಿಯೇ. ಮುಧೋಳ-ಲೋಕಾಪುರಗಳ ಕಡೆ ಶ್ರೀಕೃಷ್ಣ ಪಾರಿಜಾತದ ಆಟಗಳಲ್ಲಿ ಬೆಳೆದವರ ಮನೆಯ ಹುಡುಗ ಕಾನೂನು ಓದಹೊರಟರೆ, ಕೊರವಂಜಿಯ ಪಾತ್ರದಲ್ಲಿ ಸಭೆಯನ್ನು ಹಿಡಿದಿಟ್ಟ ಅವನ ಮಾತಿನ ಬಲಕ್ಕೆ ಬೆಲೆಯಿಲ್ಲವೆ? ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಮುಧೋಳದವನು. ಹಿಂದೀ ಚಿತ್ರಲೋಕವನ್ನು ಹಾಡಿನಿಂದ ಗೆದ್ದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಈ ನೆಲದಲ್ಲಿ ಕೈಗೂ ಕಂಠಕ್ಕೂ ಬರವಿರಲಿಲ್ಲ. ಕಾಯಕವನ್ನು ಪೂಜೆಗೆ ಸಮವೆಂದು ಎಣಿಸುವ ಪರಂಪರೆಯ ಶಾಲೆಗಳಲ್ಲಿಯೇ ಕೈಯ ಕೆಲಸಕ್ಕೆ ಹತ್ತನೆಯ ಇಯತ್ತೆಯಲ್ಲಿ ಬೀಗ ಬೀಳುವುದು ಮಾತ್ರ ವಿಚಿತ್ರ.

ಕಲೆ ಮತ್ತು ವಿಜ್ಞಾನ ಎಂಬ ಗೋಡೆಯನ್ನು ನಮ್ಮ ಹಿರಿಯ ವಿದ್ವಾಂಸರು ಅಷ್ಟಾಗಿ ಮನ್ನಿಸಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅದರಲ್ಲಿಯ ಗಿಡಮರಗಳ ರೇಖಾಚಿತ್ರಗಳೂ ಅವರ ಕೈಯವೇ.

ಈಗ ನಮ್ಮ ದೇಶದಲ್ಲಿ ತೆರೆದಿರುವ ಬಾಗಿಲುಗಳ ವಿಚಾರ. ೨೦೨೫ರಲ್ಲಿ ಮದರಾಸಿನ ಐ.ಐ.ಟಿ.ಯು ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಸಾಧನೆ ಮಾಡಿದವರಿಗೆ ಪ್ರತ್ಯೇಕ ಪ್ರವೇಶವನ್ನು ಆರಂಭಿಸಿತು. ಪ್ರತಿ ಪದವಿಯಲ್ಲಿ ಹೆಚ್ಚುವರಿಯಾಗಿ ಎರಡು ಸೀಟು. ಅವುಗಳಲ್ಲಿ ಒಂದು ಹೆಣ್ಣುಮಕ್ಕಳಿಗೆ ಮೀಸಲು. ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯ ಶ್ರೇಯಾಂಕಪಟ್ಟಿಯಲ್ಲಿ ಹೆಸರಿರಬೇಕೆಂಬುದು ಮೊದಲ ನಿಬಂಧನೆ. ಎಂಜಿನಿಯರಿಂಗ್ ಓದುವವನ ಸಂಗೀತಕ್ಕೆ, ಚಿತ್ರಕ್ಕೆ ಇಷ್ಟು ದೊಡ್ಡ ಸಂಸ್ಥೆಯೊಂದು ಸ್ಥಾನ ಕೊಟ್ಟದ್ದು ಅಭಿನಂದನೀಯ. ಆದರೆ ಅಲ್ಲಿ ಪರಿಗಣಿಸುವುದು ರಾಷ್ಟ್ರಮಟ್ಟದ ಪುರಸ್ಕಾರ, ವಿದ್ಯಾರ್ಥಿವೇತನ, ಆಕಾಶವಾಣಿ-ದೂರದರ್ಶನಗಳ ಶ್ರೇಣಿ ಇಂಥವನ್ನು. ಮತ್ತೆ ಪತ್ರವೇ! ಬನಹಟ್ಟಿಯ ಗ್ರಾಫಿನ ಹಾಳೆಗೆ ಯಾವ ಅಕಾಡೆಮಿ ಪುರಸ್ಕಾರ ಕೊಟ್ಟೀತು? ನಿಫ್ಟ್ ಸಂಸ್ಥೆಯು ಕುಶಲಕರ್ಮಿಗಳ ಮಕ್ಕಳಿಗೆ ಪ್ರತ್ಯೇಕ ಪ್ರವೇಶವಿಟ್ಟಿರುವುದು ನಿಜ. ಅದು ಮಗುವನ್ನು ಮತ್ತೆ ಬಟ್ಟೆಯ ವಿನ್ಯಾಸದ ಕಡೆಗೇ ಕರೆಯುತ್ತದೆ. ಬೇಕೆಂದವರು ಅವಶ್ಯ ಹೋಗಲಿ. ಮಗ್ಗದ ಮನೆಯ ಮಗು ಮಗ್ಗವನ್ನು ಬಿಟ್ಟು ಬೇರೆ ಓದಲು ಹೊರಟಾಗಲೂ ಮಗ್ಗ ಕಲಿಸಿದ್ದಕ್ಕೆ ಬೆಲೆಯಿರಬೇಕೆಂಬುದು ನನ್ನ ವಾದ.

ನೆರೆಯ ರಾಜ್ಯಗಳ ಅನುಭವವನ್ನೂ ನೋಡಬೇಕು. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರ್ಕಾರಿ ಚಿತ್ರಕಲಾ ಪರೀಕ್ಷೆಗಳನ್ನು ಪಾಸಾದವರಿಗೆ, ಶಾಸ್ತ್ರೀಯ ಹಾಗೂ ಜಾನಪದ ಕಲೆಗಳಲ್ಲಿ ಪರಿಣತರಿಗೆ ಹತ್ತನೆಯ ಇಯತ್ತೆಯಲ್ಲಿ ಹೆಚ್ಚುವರಿ ಅಂಕ ಕೊಡುವ ನಿಯಮವುಂಟು. ಗಡಿಯಾಚೆ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಕೇರಳದಲ್ಲಿ ೧೯೫೭ರಿಂದ ನಡೆದುಬಂದ ಶಾಲಾ ಕಲೋತ್ಸವವು ಮಕ್ಕಳ ಕಲಾಮೇಳಗಳಲ್ಲೇ ಬಹು ದೊಡ್ಡದು. ೨೦೧೯ರಲ್ಲಿ ಅದರ ಅರವತ್ತನೆಯ ಮೇಳ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ಅಲ್ಲಿ ಯಕ್ಷಗಾನವೂ ಸ್ಪರ್ಧೆಯ ವಿಷಯ. ರಾಜ್ಯಮಟ್ಟದಲ್ಲಿ ಶ್ರೇಣಿ ಪಡೆದವರಿಗೆ ಕೃಪಾಂಕ. ಇದರಿಂದ ಕಲೆಗೆ ಶಾಲೆಯಲ್ಲಿ ಮಾನ ಬಂದದ್ದನ್ನು ಒಪ್ಪಲೇಬೇಕು. ಕೂಡವೇ ಬಂದದ್ದು ವೇಷಭೂಷಣದ ಖರ್ಚು, ಬಾಡಿಗೆಯ ತರಬೇತಿದಾರ, ಶ್ರೇಣಿ ತಪ್ಪಿದರೆ ಅಪೀಲು, ಕೋರ್ಟು. ಅಂಕದ ಆಸೆ ಹಚ್ಚಿದೊಡನೆ ಹಣವುಳ್ಳವನು ಮುಂದೆ ಬಂದು ನಿಲ್ಲುತ್ತಾನೆ. ಆದುದರಿಂದ ಚಿತ್ರಕ್ಕೆ ಇಷ್ಟು ಅಂಕ, ಹಾಡಿಗೆ ಇಷ್ಟು ಎಂಬ ಬೇಡಿಕೆಯನ್ನು ನಾವು ಸರ್ಕಾರದ ಮುಂದಿಡಬಾರದು. ಇಡುವುದಾದರೆ ಕೃಷಿಕರ ಕೋಟಾದ ಮಾದರಿಯನ್ನಿಡೋಣ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಇದ್ದ ಸೀಟುಗಳನ್ನು ಕಡಿಮೆ ಮಾಡದೆ, ಹೆಚ್ಚುವರಿಯಾಗಿ ಕೆಲವೇ ಸೀಟುಗಳು, ಸಿ.ಇ.ಟಿ.ಯಲ್ಲಿ ಅರ್ಹತೆ ಕಡ್ಡಾಯ. ಅನಂತರ ಒಂದು ಕೋಣೆ, ಮೂರು ತಾಸು, ಎದುರಿಗೆ ಗ್ರಾಫಿನ ಹಾಳೆ, ಮಣ್ಣು, ದಾರ, ಹಲಗೆ. ಮಗು ತಂದ ಕಡತವನ್ನು ಪಕ್ಕದಲ್ಲಿಟ್ಟು, ಅದನ್ನು ಮಾಡಿದ ಕೈ ಇದೇ ಎಂಬುದನ್ನು ಅಲ್ಲಿಯೇ ನೋಡಲಿ. ಹೆಸರು, ಊರು, ತಂದೆಯ ಉದ್ಯೋಗ ಯಾವುದೂ ಪರೀಕ್ಷಕನಿಗೆ ತಿಳಿಯದಿರಲಿ.

ಕಡತವನ್ನು ಕೇಳುವ ಸಂಸ್ಥೆಗೆ ಅರ್ಜಿ ಹಾಕುವವರು ಏನು ಮಾಡಬೇಕು? ಎಲ್ಲರೂ ಕಳುಹಿಸಬೇಕಾದದ್ದಿಲ್ಲ. ಬೇಸಿಗೆ ಶಿಬಿರದಲ್ಲಿ ಹತ್ತು ದಿನ ಕಲಿತ ಬಣ್ಣದ ಚಿತ್ರ, ಕ್ಯಾಲೆಂಡರಿನಿಂದ ನಕಲಿಳಿಸಿದ ದೇವರು ಮನೆಯ ಗೋಡೆಗೆ ಶೋಭೆಯೇ ಹೊರತು ಅರ್ಜಿಗಲ್ಲ. ವರ್ಷಗಳ ಕಾಲ ಬಿಡದೆ ಮಾಡಿದ ಕೆಲಸವಿದ್ದರೆ ಅದರಲ್ಲಿ ಎಂಟೋ ಹತ್ತೋ ಆರಿಸಬೇಕು. ಸುಂದರವಾದುವನ್ನು ಮಾತ್ರವಲ್ಲ, ಕೆಟ್ಟುಹೋದ ಮೊದಲ ಪ್ರಯತ್ನವನ್ನೂ ತಿದ್ದಿದ ಎರಡನೆಯದನ್ನೂ ಇಡಬೇಕು. ಇಂದು ಕೃತಕ ಬುದ್ಧಿಯ ಯಂತ್ರವು ಕ್ಷಣಮಾತ್ರದಲ್ಲಿ ಚಿತ್ರ ಬರೆದುಕೊಡುತ್ತದೆ. ಮುಗಿದ ಚಿತ್ರಕ್ಕಿಂತ ಒರಟು ಹಾಳೆಗೇ ಈಗ ಹೆಚ್ಚು ಸಾಕ್ಷ್ಯಬಲ. ಪ್ರತಿಯೊಂದರ ಹಿಂದೆ ತಾರೀಖು ಇರಲಿ. ಏಕೆ ಮಾಡಿದೆ, ಎಲ್ಲಿ ತಡವರಿಸಿದೆ ಎಂಬುದನ್ನು ಮಗು ತನ್ನ ಮಾತಿನಲ್ಲಿ ಬರೆಯಲಿ. ಚಿಕ್ಕಪ್ಪನೋ ದುಡ್ಡು ತೆಗೆದುಕೊಳ್ಳುವ ಸಲಹೆಗಾರನೋ ತಿದ್ದಿದ ಇಂಗ್ಲಿಷು ಅನುಭವವುಳ್ಳ ಓದುಗನಿಗೆ ಕೂಡಲೇ ಗೊತ್ತಾಗುತ್ತದೆ. ತಂದೆಯ ಕೈ ಎಷ್ಟು, ತನ್ನ ಕೈ ಎಷ್ಟು ಎಂಬುದನ್ನೂ ಹೇಳಬೇಕು. ಮಗ್ಗದ ಕೆಲಸ ಒಬ್ಬರದಲ್ಲ. ತೂತು ಹೊಡೆದವರು ಬೇರೆ, ನೇಯ್ದವರು ಬೇರೆ ಎಂದು ಬರೆದರೆ ಮಗುವಿನ ಯೋಗ್ಯತೆ ಕಡಿಮೆಯಾಗುವುದಿಲ್ಲ. ಇನ್ನು ಪ್ರವೇಶ ದೊರೆಯದಿದ್ದರೆ ಕೆಲಸವೇ ಹೀನವೆಂದು ತಿಳಿಯಬಾರದು. ಮೈಸೂರಿನ ಆರ್.ಕೆ. ಲಕ್ಷ್ಮಣರನ್ನು ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಸೇರಿಸಿಕೊಳ್ಳಲಿಲ್ಲ. ಅವರು ಮೈಸೂರಿನಲ್ಲಿಯೇ ಬಿ.ಎ. ಓದಿದರು. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಇದೆಲ್ಲ ಉಳ್ಳವರ ಮಾತಾಯಿತು, ಬಡವರ ಮಕ್ಕಳು ಛಾಯಾಚಿತ್ರ ತೆಗೆಸಿ ಕಡತ ಹೊಂದಿಸುವುದು ಎಲ್ಲಿಂದ ಎಂದು ಕೇಳಿದರೆ ನಾನು ನಮ್ಮ ಶಾಲೆಗಳ ಕಡೆಗೆ ತಿರುಗುತ್ತೇನೆ. ಶ್ರೀಮಂತರ ಮಗುವಿನ ಕೆಲಸವನ್ನು ತಾಯಿ ಕಪಾಟಿನಲ್ಲಿ ಜೋಪಾನ ಮಾಡುತ್ತಾಳೆ. ಒಂದೇ ಕೋಣೆಯಲ್ಲಿ ಮಗ್ಗ, ಒಲೆ, ಹಾಸಿಗೆ ಎಲ್ಲವೂ ಇರುವ ಮನೆಯಲ್ಲಿ ಹಾಳೆ ಉಳಿಯುವುದೆಂತು? ಕೆಲಸ ಇಲ್ಲವೆಂದಲ್ಲ, ಉಳಿದಿಲ್ಲ. ಉಳಿಸುವ ಹೊಣೆಯನ್ನು ಶಾಲೆ ಹೊರಬಹುದು. ಎಂಟನೆಯ ಇಯತ್ತೆಗೆ ಬಂದ ಪ್ರತಿಯೊಂದು ಮಗುವಿನ ಹೆಸರಿನಲ್ಲಿ ಒಂದು ರಟ್ಟಿನ ಫೈಲು, ಎಲ್ಲವನ್ನೂ ಇಡಲು ಗೆದ್ದಲು ಹತ್ತದ ಕಬ್ಬಿಣದ ಕಪಾಟು, ತಿಂಗಳಿಗೊಂದು ಶನಿವಾರ ಮಗುವೇ ತನ್ನ ಒಂದು ಕೆಲಸವನ್ನು ಆರಿಸಿ ಫೈಲಿಗೆ ಸೇರಿಸುವ ಪದ್ಧತಿ. ಮೂರು ವರ್ಷಕ್ಕೆ ಸುಮಾರು ಮೂವತ್ತು ಕೆಲಸಗಳು. ಚಿತ್ರವೇ ಆಗಬೇಕೆಂದಿಲ್ಲ, ಪದ್ಯ, ನಕ್ಷೆ, ಕಸೂತಿಯ ತುಂಡು, ಬರೆದುಕೊಂಡ ಬೀಸುಕಲ್ಲಿನ ಪದ ಏನೂ ಆದೀತು. ಅದಕ್ಕೆ ಅಂಕ ಬೇಡ, ಸ್ಪರ್ಧೆ ಬೇಡ, ವಾರ್ಷಿಕೋತ್ಸವದ ಪ್ರದರ್ಶನವೂ ಬೇಡ. ಮಗುವಿಗೆ ಬೇಕೆನಿಸಿದಾಗ ತೆಗೆದು ನೋಡಲಿ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಹತ್ತನೆಯ ಇಯತ್ತೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ತಂದೆ-ತಾಯಿಯರ ಸ್ಮರಣಾರ್ಥ ಬಹುಮಾನವಿಡುವುದು ನಮ್ಮಲ್ಲಿ ಬೆಳೆದುಬಂದ ಒಳ್ಳೆಯ ಸಂಪ್ರದಾಯ. ಹಲವು ಶಾಲೆಗಳಲ್ಲಿ ಒಂದೇ ಮಗು ಒಂದೇ ವೇದಿಕೆಯಲ್ಲಿ ಏಳೆಂಟು ಲಕೋಟೆಗಳನ್ನು ಪಡೆದು ಇಳಿಯುವುದನ್ನು ನೋಡಿದ್ದೇವೆ. ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರದ ಶಾಲೆಗಳೂ ನಮ್ಮ ತಾಲೂಕುಗಳಲ್ಲಿವೆ. ಮುಂದಿನ ದತ್ತಿಯಲ್ಲಿ ಒಂದು ಪಾಲು ಅಂಥ ಶಿಕ್ಷಕರೊಬ್ಬರ ಗೌರವಧನಕ್ಕೆ, ಕಾಗದಕ್ಕೆ, ಬಣ್ಣಕ್ಕೆ, ಆ ಕಬ್ಬಿಣದ ಕಪಾಟಿಗೆ ಹೋಗಲಿ. ಕಪಾಟಿನ ಮೇಲೆ ದಾನಿಯ ಹೆಸರು ಬರೆಯಿಸಲು ಯಾರ ಅಡ್ಡಿಯೂ ಇರಲಾರದು. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರು, ವೈದ್ಯ, ಪ್ರಾಧ್ಯಾಪಕರಾದವರು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಆ ಫೈಲುಗಳ ಮುಂದೆ ಕುಳಿತು, ಮಕ್ಕಳಿಂದ ಅವರ ಕೆಲಸದ ಕಥೆ ಕೇಳಿದರೆ ಸಾಕು. ಅಮೆರಿಕದ ಅರ್ಜಿಯನ್ನು ತುಂಬಿಸಿಕೊಟ್ಟದ್ದಕ್ಕಿಂತ ಅದು ದೊಡ್ಡ ಉಪಕಾರ.

ಶಾಲೆ ಬಿಡುವ ದಿನ ವರ್ಗಾವಣೆ ಪತ್ರದೊಡನೆ ಆ ಫೈಲನ್ನು ಮಗುವಿನ ಕೈಗೆ ಕೊಡಬೇಕು. ಒಯ್ಯದೆ ಹೋದವರದ್ದನ್ನು ಐದು ವರ್ಷವಾದರೂ ಇಟ್ಟುಕೊಂಡಿರಬೇಕು. ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳ ಜೊತೆಗೆ ತೂಕಕ್ಕೆ ಹಾಕಬಾರದು.